ಒಳ್ಳೆಯ ದೈತ್ಯ

2022ರ ನವೆಂಬರ್‌ನಲ್ಲಿ ಕತಾರ್ ವಿಶ್ವಕಪ್ ನಡೆಯುತ್ತಿದ್ದಾಗ ವೇಲ್ಸ್ ಮತ್ತು ಅಮೆರಿಕ ತಂಡಗಳ ಪಂದ್ಯ ನಮ್ಮಲ್ಲಿ ನಡುರಾತ್ರಿ ಹನ್ನೆರಡೂವರೆಗೆ ಶುರುವಾಗಿತ್ತು. ಮನೆಯವರೆಲ್ಲ ಮಲಗಿದ್ದರಿಂದ ಟಿವಿಯ ದನಿಯನ್ನು ಕಿವಿಗೆ ಬಿದ್ದೂ ಬೀಳದಷ್ಟು ತಗ್ಗಿಸಿಕೊಂಡು ಕೂತಿದ್ದೆ. ಮೊದಲರ್ಧದಲ್ಲೇ ಅಮೆರಿಕ ಒಂದು ಗೋಲು ಹೊಡೆದಿತ್ತು. ಇನ್ನೇನು ಆಟ ಮುಗಿಯಿತು ಎನ್ನುವ ಹೊತ್ತಿಗೆ, 82ನೇ ನಿಮಿಷದಲ್ಲಿ, ಗ್ಯಾರೆತ್ ಬೇಲ್ ಪೆನಾಲ್ಟಿಯಿಂದ ಅದನ್ನು ಸರಿಗಟ್ಟಿದರು. ಆ ರಾತ್ರಿ ವೀಕ್ಷಕ ವಿವರಣೆಕಾರರ ಬಾಯಲ್ಲಿ ಮತ್ತೆ ಮತ್ತೆ ಬರುತ್ತಿದ್ದ ಸಂಖ್ಯೆ 64. ವೇಲ್ಸ್ ತಂಡ ವಿಶ್ವಕಪ್‌ನಲ್ಲಿ ಆಡಿ ಅರವತ್ನಾಲ್ಕು ವರ್ಷಗಳಾಗಿದ್ದವು. ಹಾಗಾದರೆ ಅದಕ್ಕೆ ಮುಂಚಿನ ಪಂದ್ಯ ಯಾವುದು, ಅಲ್ಲಿ ಆಡಿದವರು ಯಾರು ಎಂದು ಹುಡುಕುತ್ತಾ ಹೋದವನಿಗೆ ಸಿಕ್ಕಿದ್ದು ಆ ಪಂದ್ಯದಲ್ಲಿ ಆಡಲಾಗದೇ ಹೋದ ಒಬ್ಬರ ಹೆಸರು.

ಜಾನ್ ಚಾರ್ಲ್ಸ್. ಬೇಲ್, ರಯಾನ್ ಗಿಗ್ಸ್, ಇಯಾನ್ ರಷ್ ಎಂದರೆ ನಮ್ಮಲ್ಲಿ ಫುಟ್‌ಬಾಲ್ ನೋಡುವವರಿಗೆ ಥಟ್ಟನೆ ಗೊತ್ತಾಗುತ್ತದೆ. ಚಾರ್ಲ್ಸ್ ಹೆಸರು ಹೇಳಿದರೆ ಹೆಚ್ಚಿನವರು ಮುಖ ನೋಡುತ್ತಾರೆ. ನಾನೂ ಅಂಥವರಲ್ಲೊಬ್ಬನಾಗಿದ್ದೆ. ಆದರೆ ಇಟಲಿಯ ಟ್ಯೂರಿನ್ ನಗರದ ಯುವೆಂಟಸ್ ಕ್ಲಬ್ಬಿನ ಅಭಿಮಾನಿಗಳು 1997ರಲ್ಲಿ ತಮ್ಮ ಕ್ಲಬ್ಬಿಗೆ ಆಡಿದ ಅತ್ಯುತ್ತಮ ವಿದೇಶಿ ಆಟಗಾರ ಯಾರೆಂದು ಮತ ಹಾಕಿದಾಗ ಆರಿಸಿದ್ದು ಮಿಶೆಲ್ ಪ್ಲಾಟಿನಿಯನ್ನಲ್ಲ, ಈ ವೇಲ್ಸ್‌ನವರನ್ನು. ಅಷ್ಟು ಹೊತ್ತಿಗೆ ಅವರು ಆ ಕ್ಲಬ್ ಬಿಟ್ಟು ಮೂವತ್ತೈದು ವರ್ಷಗಳಾಗಿದ್ದವು.

ಚಾರ್ಲ್ಸ್ ಹುಟ್ಟಿದ್ದು 1931ರ ಡಿಸೆಂಬರ್ 27ರಂದು, ದಕ್ಷಿಣ ವೇಲ್ಸ್‌ನ ಬಂದರು ಊರಾದ ಸ್ವಾನ್ಸೀಯಲ್ಲಿ. ಕಬ್ಬಿಣ, ತಾಮ್ರ, ತಗಡುಗಳ ಕೆಲಸದಿಂದ ಬೆಳೆದ ಆ ಊರು ಒಂದೇ ತಲೆಮಾರಿನಲ್ಲಿ ಎಷ್ಟು ಆಟಗಾರರನ್ನು ಹಡೆಯಿತೆಂದರೆ, 1958ರ ವೇಲ್ಸ್ ತಂಡದ ಐವರ್ ಆಲ್‌ಚರ್ಚ್, ಕ್ಲಿಫ್ ಜೋನ್ಸ್, ಟೆರಿ ಮೆಡ್ವಿನ್, ಜಾನ್ ಚಾರ್ಲ್ಸ್ ಮತ್ತು ಅವರ ತಮ್ಮ ಮೆಲ್ ಚಾರ್ಲ್ಸ್ ಎಲ್ಲರೂ ಅಲ್ಲಿನವರೇ. ಆದರೂ ಊರಿನ ಕ್ಲಬ್ಬಿಗೆ ಜಾನ್ ದಕ್ಕಲಿಲ್ಲ. ಶಾಲೆ ಬಿಟ್ಟ ಮೇಲೆ ಅವರು ಅಲ್ಲಿ ಮೈದಾನದ ಚಾಕರಿಯ ಹುಡುಗನಾಗಿ ಸೇರಿಕೊಂಡಿದ್ದರು. ಮೊದಲ ತಂಡಕ್ಕೆ ಕಾಲಿಡುವ ಮುನ್ನವೇ ಉತ್ತರ ಇಂಗ್ಲೆಂಡಿನ ಲೀಡ್ಸ್ ಯುನೈಟೆಡ್ ಕ್ಲಬ್ಬಿನವರ ಕಣ್ಣಿಗೆ ಬಿದ್ದು ಹೊರಟುಹೋದರು. 1949ರ ಏಪ್ರಿಲ್‌ನಲ್ಲಿ, ಹದಿನೇಳನೇ ವಯಸ್ಸಿನಲ್ಲಿ, ಲೀಡ್ಸ್ ಪರ ಮೊದಲ ಪಂದ್ಯ. ಮರುವರ್ಷದ ಮಾರ್ಚ್‌ನಲ್ಲಿ, ಹದಿನೆಂಟು ತುಂಬಿ ಎರಡೂವರೆ ತಿಂಗಳೂ ಕಳೆಯದಿದ್ದಾಗ, ವೇಲ್ಸ್ ಪರ ಮೊದಲ ಪಂದ್ಯ.

ಅವರ ಮೈಕಟ್ಟಿನ ಬಗ್ಗೆ ಹೇಳದೆ ಮುಂದೆ ಹೋಗುವಂತಿಲ್ಲ. ಆರು ಅಡಿ ಎರಡು ಅಂಗುಲ ಎತ್ತರ, ಹತ್ತಿರ ಹತ್ತಿರ ತೊಂಬತ್ತು ಕಿಲೋ ತೂಕ. ಇಂದಿನ ಆಟಗಾರರ ನಡುವೆ ಇದೇನೂ ಅಚ್ಚರಿಯಲ್ಲ, ಆದರೆ ಯುದ್ಧಕಾಲದ ಪಡಿತರ ತಿಂದು ಬೆಳೆದ ಬ್ರಿಟಿಷ್ ಆಟಗಾರರ ಸಾಲಿನಲ್ಲಿ ಅದು ಬೇರೆಯದೇ ಅಳತೆ. ಆ ಮೈಯನ್ನು ಹೊತ್ತುಕೊಂಡು ಅವರು ಎರಡು ಸ್ಥಾನಗಳಲ್ಲಿ ಆಡಿದರು, ಮತ್ತು ಆ ಎರಡೂ ಒಂದಕ್ಕೊಂದು ತದ್ವಿರುದ್ಧವಾದವು. ಸೆಂಟರ್ ಹಾಫ್ ಎಂದರೆ ಎದುರಾಳಿಯ ಮುಖ್ಯ ದಾಳಿಕಾರನನ್ನು ಗೋಲಿನ ಮುಂದೆ ತಡೆದು ನಿಲ್ಲಿಸುವವನು. ಸೆಂಟರ್ ಫಾರ್ವರ್ಡ್ ಎಂದರೆ ಸ್ವತಃ ಆ ದಾಳಿಕಾರ. ಲೀಡ್ಸ್‌ನಲ್ಲಿ ಮೊದಲಿಗೆ ತಡೆಯುವವರಾಗಿದ್ದ ಚಾರ್ಲ್ಸ್‌ರನ್ನು ಮುಂದಕ್ಕೆ ಕಳುಹಿಸಿದಾಗ 1953-54ರ ಒಂದೇ ಋತುವಿನಲ್ಲಿ, ಎರಡನೇ ಡಿವಿಷನ್ನಿನಲ್ಲಿ, 42 ಗೋಲು ಹೊಡೆದರು. ಲೀಡ್ಸ್ ಕ್ಲಬ್ಬಿನಲ್ಲಿ ಆ ದಾಖಲೆಯನ್ನು ಈವರೆಗೆ ಯಾರೂ ಮುರಿದಿಲ್ಲ. 1956ರಲ್ಲಿ ಲೀಡ್ಸ್ ಮೊದಲ ಡಿವಿಷನ್ನಿಗೆ ಏರಿತು; ಅಲ್ಲಿ ಮೊದಲ ಋತುವಿನಲ್ಲೇ 38 ಗೋಲು ಹೊಡೆದು ಇಡೀ ಡಿವಿಷನ್ನಿಗೆ ಮೊದಲಿಗರಾದರು. ನೀನು ಎದುರಿಸಿದ ಅತ್ಯುತ್ತಮ ಸೆಂಟರ್ ಹಾಫ್ ಯಾರು ಎಂದು ಇಂಗ್ಲೆಂಡಿನ ದಾಳಿಕಾರ ನ್ಯಾಟ್ ಲಾಫ್ಟ್‌ಹೌಸ್‌ರನ್ನು ಕೇಳಿದರೆ ಚಾರ್ಲ್ಸ್ ಎಂದರಂತೆ, ಅತ್ಯುತ್ತಮ ಸೆಂಟರ್ ಫಾರ್ವರ್ಡ್ ಯಾರು ಎಂದು ಇಂಗ್ಲೆಂಡಿನ ನಾಯಕ, ರಕ್ಷಣಾ ಆಟಗಾರ ಬಿಲ್ಲಿ ರೈಟ್‌ರನ್ನು ಕೇಳಿದರೆ ಅವರೂ ಚಾರ್ಲ್ಸ್ ಎಂದರಂತೆ. ಈ ಕಥೆಯನ್ನು ಫುಟ್‌ಬಾಲ್ ಬಲ್ಲವರು ಇಂದಿಗೂ ಹೇಳುತ್ತಾರೆ. ಕಪಿಲ್ ದೇವ್ ಬೌಲಿಂಗೂ ಮಾಡಿದರು, ಬ್ಯಾಟಿಂಗೂ ಮಾಡಿದರು ಎನ್ನುವುದು ನಮಗೆ ಸಹಜವಾಗಿ ಕೇಳುತ್ತದೆ. ಫುಟ್‌ಬಾಲ್‌ನಲ್ಲಿ ಅಂಥ ಆಲ್‌ರೌಂಡರ್‌ಗಳು ಇಲ್ಲವೆನ್ನುವಷ್ಟು ಕಡಿಮೆ.

1956ರ ಸೆಪ್ಟೆಂಬರ್ 18ರ ಬೆಳಗಿನ ಜಾವ ಲೀಡ್ಸ್‌ನ ಎಲ್ಲಂಡ್ ರೋಡ್ ಮೈದಾನದ ಪಶ್ಚಿಮ ಸ್ಟ್ಯಾಂಡ್ ಬೆಂಕಿಗೆ ಆಹುತಿಯಾಯಿತು. ವಿಮೆಯ ಹಣ ಮತ್ತೆ ಕಟ್ಟಲು ಸಾಲುವಂತಿರಲಿಲ್ಲ. ಕ್ಲಬ್ಬಿನ ಬಳಿ ಮಾರಿದರೆ ದೊಡ್ಡ ಮೊತ್ತ ತರಬಲ್ಲ ಆಸ್ತಿ ಎಂದರೆ ಒಂದೇ, ಮತ್ತು ಅದು ಪ್ರತಿ ಶನಿವಾರ ಬೂಟು ಕಟ್ಟಿಕೊಂಡು ಮೈದಾನಕ್ಕಿಳಿಯುತ್ತಿತ್ತು. ಮರುವರ್ಷದ ಏಪ್ರಿಲ್‌ನಲ್ಲಿ ಲೀಡ್ಸ್ ನಗರದ ಕ್ವೀನ್ಸ್ ಹೋಟೆಲ್‌ನಲ್ಲಿ ಯುವೆಂಟಸ್‌ನ ಉಂಬರ್ಟೊ ಅನ್ಯೆಲ್ಲಿ ಮತ್ತು ಮಧ್ಯವರ್ತಿ ಜಿಜಿ ಪೆರೊನಾಚೆ ಕೂತು ಮಾತುಕತೆ ನಡೆಸಿದರು. 65,000 ಪೌಂಡಿಗೆ ವ್ಯಾಪಾರ ಕುದುರಿತು. ಅಲ್ಲಿಯವರೆಗೆ ಯಾವ ಬ್ರಿಟಿಷ್ ಆಟಗಾರನಿಗೂ ಅಷ್ಟು ಬೆಲೆ ಬಂದಿರಲಿಲ್ಲ. ಆಟಗಾರನಿಗೆಂದೇ ಪ್ರತ್ಯೇಕವಾಗಿ ಸಿಕ್ಕ ಮೊತ್ತ 10,000 ಪೌಂಡ್.

ಈ ಕೊನೆಯ ಅಂಕಿಯನ್ನು ಸ್ವಲ್ಪ ನಿಂತು ನೋಡಬೇಕು. ಆಗ ಇಂಗ್ಲೆಂಡಿನಲ್ಲಿ ಫುಟ್‌ಬಾಲ್ ಆಟಗಾರರಿಗೆ ಗರಿಷ್ಠ ವೇತನದ ಕಟ್ಟಳೆಯಿತ್ತು: ಎಷ್ಟೇ ದೊಡ್ಡ ಆಟಗಾರನಾಗಲಿ, ವಾರಕ್ಕೆ ಹದಿನೈದು ಪೌಂಡ್‌ಗಿಂತ ಹೆಚ್ಚು ಸಂಬಳ ಕೊಡುವಂತಿರಲಿಲ್ಲ. ಆ ಲೆಕ್ಕದಲ್ಲಿ 10,000 ಪೌಂಡ್ ಎಂದರೆ ಹತ್ತಿರ ಹತ್ತಿರ ಹದಿಮೂರು ವರ್ಷಗಳ ದುಡಿಮೆ. ಜೊತೆಗೆ ಒಪ್ಪಂದ ಮುಗಿದರೂ ಆಟಗಾರನನ್ನು ಬಿಡದೆ ಹಿಡಿದಿಟ್ಟುಕೊಳ್ಳುವ ಅಧಿಕಾರ ಕ್ಲಬ್‌ಗಳಿಗಿತ್ತು. ಹೋಗಬೇಕೆಂದು ಬಯಸಿದವನು ಹೋಗುವಂತಿರಲಿಲ್ಲ, ಕ್ಲಬ್ಬಿಗೆ ಹಣ ಬೇಕಾದಾಗ ಮಾತ್ರ ಬಾಗಿಲು ತೆರೆಯುತ್ತಿತ್ತು. ಗರಿಷ್ಠ ವೇತನ ರದ್ದಾಗಿದ್ದು 1961ರಲ್ಲಿ, ಆಟಗಾರರ ಸಂಘ ಮುಷ್ಕರದ ಬೆದರಿಕೆ ಹಾಕಿದ ಮೇಲೆ. ಆದ್ದರಿಂದ ಚಾರ್ಲ್ಸ್ ಇಟಲಿಗೆ ಹೋದದ್ದನ್ನು ಹಣದಾಸೆ ಎನ್ನುವುದೂ ಸರಿಯಲ್ಲ, ಸಾಹಸ ಎಂದು ಹೊಗಳುವುದೂ ಸರಿಯಲ್ಲ ಎಂಬುದು ನನ್ನ ಅನಿಸಿಕೆ. ಒಂದು ಸ್ಟ್ಯಾಂಡ್ ಸುಟ್ಟಿತ್ತು, ಅದಕ್ಕೆ ದುಡ್ಡು ಬೇಕಿತ್ತು, ಅವರನ್ನು ಮಾರಿದರು. ಪಶ್ಚಿಮ ಸ್ಟ್ಯಾಂಡ್‌ಗೆ ಈಗ ಇರುವುದು ಅವರದೇ ಹೆಸರು.

ಹಿಂದಿನ ಋತುವಿನಲ್ಲಿ ಒಂಬತ್ತನೇ ಸ್ಥಾನಕ್ಕೆ ಇಳಿದಿದ್ದ ಯುವೆಂಟಸ್ 1957-58ರಲ್ಲಿ ಚಾಂಪಿಯನ್ ಆಯಿತು. ಅದು ಕ್ಲಬ್ಬಿನ ಹತ್ತನೇ ಲೀಗ್ ಪ್ರಶಸ್ತಿ. ಹತ್ತು ಗೆದ್ದ ಗುರುತಿಗೆ ಅಂಗಿಯ ಮೇಲೆ ಚಿನ್ನದ ನಕ್ಷತ್ರ ಧರಿಸುವ ಪದ್ಧತಿ ಹುಟ್ಟಿದ್ದೇ ಅಲ್ಲಿಂದ. ಚಾರ್ಲ್ಸ್ ಆ ಋತುವಿನಲ್ಲಿ 28 ಗೋಲು ಹೊಡೆದು ಇಟಲಿಯ ಲೀಗ್‌ನ ಅಗ್ರ ಗೋಲುಗಾರರಾದರು. ಆಮೇಲೆ 1960 ಮತ್ತು 1961ರಲ್ಲಿ ಮತ್ತೆರಡು ಲೀಗ್ ಪ್ರಶಸ್ತಿ, ನಡುವೆ ಎರಡು ಇಟಾಲಿಯನ್ ಕಪ್, ಆಗ ಯುರೋಪಿನ ವರ್ಷದ ಅತ್ಯುತ್ತಮ ಆಟಗಾರನಿಗೆ ಕೊಡುತ್ತಿದ್ದ ಬ್ಯಾಲನ್ ಡಿ'ಓರ್ ಪ್ರಶಸ್ತಿಯ 1959ರ ಮತದಾನದಲ್ಲಿ ಡಿ ಸ್ಟೆಫಾನೊ ಮತ್ತು ಕೋಪಾರ ನಂತರ ಮೂರನೇ ಸ್ಥಾನ. ಚಾರ್ಲ್ಸ್ ನಂತರ ಇಟಲಿಗೆ ಹೋದ ಬ್ರಿಟಿಷ್ ಆಟಗಾರರಲ್ಲಿ ಜಿಮ್ಮಿ ಗ್ರೀವ್ಸ್ ಕೆಲವೇ ತಿಂಗಳಲ್ಲಿ, ಡೆನಿಸ್ ಲಾ ಒಂದೇ ಋತುವಿನಲ್ಲಿ ಬೇಸತ್ತು ವಾಪಸಾದರು. ಚಾರ್ಲ್ಸ್ ಐದು ವರ್ಷ ಇದ್ದರು, ಭಾಷೆ ಕಲಿತರು, ಇಟಾಲಿಯನ್‌ನಲ್ಲಿ ಹಾಡಿ ಗ್ರಾಮಫೋನ್ ತಟ್ಟೆಯನ್ನೂ ತಂದರು.

ಆ ಕಾಲದ ಚಿತ್ರಗಳಲ್ಲಿ ಯುವೆಂಟಸ್‌ನ ಮೂವರು ದಾಳಿಕಾರರು ಅಕ್ಕಪಕ್ಕ ನಿಂತಿರುವುದನ್ನು ನೋಡಬಹುದು. ಒಬ್ಬರು ಜಿಯಾಂಪಿಯೆರೊ ಬೊನಿಪೆರ್ಟಿ, ಅಂಗಿಯ ಕಾಲರು ಸರಿಯಾಗಿ, ಬ್ಯಾಂಕಿನ ಅಧಿಕಾರಿಯಂತೆ ಶಿಸ್ತಾಗಿ. ಇನ್ನೊಬ್ಬರು ಅರ್ಜೆಂಟೀನಾದಿಂದ ಬಂದ ಒಮರ್ ಸಿವೊರಿ, ಕಾಲುಚೀಲ ಹಿಮ್ಮಡಿಯವರೆಗೆ ಜಾರಿದೆ, ಮೊಳಕಾಲಿನ ಕೆಳಗೆ ಯಾವ ರಕ್ಷಣೆಯೂ ಇಲ್ಲ, ತುಟಿಯಲ್ಲಿ ಯಾರನ್ನೋ ಕೆಣಕಲು ಹೊರಟ ನಗು. ಆ ಇಬ್ಬರ ನಡುವೆ ಗೋಡೆಯಂತೆ ಚಾರ್ಲ್ಸ್. ಸಿವೊರಿಯ ತಲೆ ಅವರ ಭುಜಕ್ಕೂ ಬರುವುದಿಲ್ಲ. ಸಿವೊರಿ ಎದುರಾಳಿಯ ಕಾಲುಗಳ ನಡುವೆ ಚೆಂಡು ತೂರಿಸುವುದು, ತಿರುಗಿ ಬಂದು ಮತ್ತೊಮ್ಮೆ ತೂರಿಸುವುದು, ರೊಚ್ಚಿಗೆದ್ದವರ ಜೊತೆ ಕೈಕೈ ಮಿಲಾಯಿಸುವುದು ಎಲ್ಲವನ್ನೂ ಮಾಡುತ್ತಿದ್ದರು. ಅಂಥದ್ದೊಂದು ಸಂದರ್ಭದಲ್ಲಿ ಚಾರ್ಲ್ಸ್ ಮೈದಾನದಲ್ಲೇ ಸಿವೊರಿಗೆ ಒಂದು ಬಾರಿಸಿ ಸುಮ್ಮನಾಗಿಸಿದರು ಎನ್ನುತ್ತಾರೆ. ಮೈದಾನದಲ್ಲಿ ಅವರು ಕೈ ಎತ್ತಿದ್ದು ಸ್ವಂತ ತಂಡದವನ ಮೇಲೆ, ಅದೂ ಜಗಳ ನಿಲ್ಲಿಸುವುದಕ್ಕೆ.

ಏಕೆಂದರೆ ಎದುರಾಳಿಗಳ ತಂಟೆಗೆ ಅವರು ಹೋಗುತ್ತಿರಲಿಲ್ಲ. ಇಡೀ ವೃತ್ತಿಜೀವನದಲ್ಲಿ ರೆಫರಿಯಿಂದ ಒಮ್ಮೆಯೂ ಎಚ್ಚರಿಕೆ ಪಡೆಯಲಿಲ್ಲ, ಒಮ್ಮೆಯೂ ಹೊರಗೆ ಹೋಗಲಿಲ್ಲ ಎಂಬುದು ಚಾರ್ಲ್ಸ್ ಬಗ್ಗೆ ಎಲ್ಲರೂ ಮೊದಲು ಹೇಳುವ ಮಾತು. (ಹಳದಿ, ಕೆಂಪು ಕಾರ್ಡುಗಳು ಬಂದದ್ದು 1970ರಲ್ಲಿ, ಅದಕ್ಕೆ ಮುಂಚೆ ರೆಫರಿ ಜೇಬಿನ ಪುಸ್ತಕ ತೆಗೆದು ಹೆಸರು ಬರೆದುಕೊಳ್ಳುತ್ತಿದ್ದರು.) ಟ್ಯೂರಿನ್‌ನ ಎರಡು ಕ್ಲಬ್‌ಗಳಾದ ಯುವೆಂಟಸ್ ಮತ್ತು ಟೊರಿನೊ ನಡುವಿನ ಪಂದ್ಯವೊಂದರ ಪ್ರಸಂಗವನ್ನು ಆ ಊರಿನವರು ಈಗಲೂ ನೆನೆಯುತ್ತಾರೆ. ಚೆಂಡಿನೊಂದಿಗೆ ನುಗ್ಗುತ್ತಿದ್ದ ಚಾರ್ಲ್ಸ್‌ರ ಮೈ ತಾಗಿ ಟೊರಿನೊದ ರಕ್ಷಣಾ ಆಟಗಾರ ನೆಲಕ್ಕೆ ಬಿದ್ದ. ಮುಂದೆ ಗೋಲು ಬಾಯ್ದೆರೆದಿತ್ತು. ರೆಫರಿ ಶಿಳ್ಳೆ ಊದಿರಲಿಲ್ಲ. ಚಾರ್ಲ್ಸ್ ಚೆಂಡನ್ನು ಗೆರೆಯಾಚೆ ಒದ್ದು, ಹಿಂತಿರುಗಿ, ಬಿದ್ದವನ ಬಳಿಗೆ ನಡೆದರು. ಎರಡು ಬಣಗಳ ಸಾವಿರಾರು ಜನ ಮೈಮೇಲೆ ಬಂದವರಂತೆ ಕೂಗುವ ಪಂದ್ಯದಲ್ಲಿ ಇದು ನಡೆಯಿತು ಎಂಬುದನ್ನು ಗಮನದಲ್ಲಿಟ್ಟುಕೊಳ್ಳಬೇಕು.

ಇಟಾಲಿಯನ್ನರು ಅವರಿಗಿಟ್ಟ ಹೆಸರು 'ಇಲ್ ಜಿಗಾಂತೆ ಬುವೊನೊ'. ಇಂಗ್ಲಿಷಿನವರು ಅದನ್ನು ಸೌಮ್ಯ ದೈತ್ಯ ಎಂಬ ಅರ್ಥ ಬರುವಂತೆ ತಮ್ಮ ಭಾಷೆಗೆ ತಂದುಕೊಂಡರು. ಆದರೆ 'ಬುವೊನೊ' ಎಂದರೆ ಸೌಮ್ಯ ಅಲ್ಲ, ನೇರವಾಗಿ 'ಒಳ್ಳೆಯ' ಎಂದೇ. ಪದಗಳ ನಡುವೆಯೇ ದಿನ ಕಳೆಯುವ ನನ್ನಂಥವನಿಗೆ ಈ ವ್ಯತ್ಯಾಸ ಸಣ್ಣದಾಗಿ ಕಾಣಲಿಲ್ಲ. ಸೌಮ್ಯ ಎನ್ನುವುದು ಸ್ವಭಾವದ ಮಾತು. ಕೆಲವರು ಹುಟ್ಟಾ ಹಾಗಿರುತ್ತಾರೆ, ಅದರಲ್ಲಿ ಅವರ ಹೆಚ್ಚುಗಾರಿಕೆ ಏನೂ ಇಲ್ಲ. ಒಳ್ಳೆಯವನು ಎಂದಾಗ ಅವನು ಕೆಟ್ಟವನಾಗುವ ಅವಕಾಶವಿದ್ದೂ ಆಗಲಿಲ್ಲ ಎಂಬ ಸೂಚನೆ ಸೇರಿಕೊಳ್ಳುತ್ತದೆ. ಆನೆ ನಡೆದದ್ದೇ ದಾರಿ ಎನ್ನುತ್ತೇವಲ್ಲ, ಹಾಗೆ ನಡೆಯಬಹುದಾಗಿದ್ದ ಆನೆ ಪಕ್ಕದಲ್ಲಿರುವ ಪೈರು ನೋಡಿಕೊಂಡು ಕಾಲಿಟ್ಟ ಹಾಗೆ. ತೊಂಬತ್ತು ಕಿಲೋ ಮೈ ಪೂರ್ತಿ ವೇಗದಲ್ಲಿ ಗಾಳಿಗೆ ಹಾರಿ ಚೆಂಡಿಗೆ ತಲೆಕೊಡುವಾಗ ಮೊಣಕೈ ಎಲ್ಲಿರುತ್ತದೆ ಎಂಬುದನ್ನು ಪ್ರತಿ ಸಲವೂ ಲೆಕ್ಕವಿಟ್ಟುಕೊಳ್ಳುವುದು ಸುಲಭದ ಕೆಲಸವಲ್ಲ. ಅವರನ್ನು ತಡೆಯುತ್ತಿದ್ದವರು ಅಂಥ ಲೆಕ್ಕ ಇಟ್ಟುಕೊಳ್ಳಲಿಲ್ಲ, ಮತ್ತು ಅದರ ಬೆಲೆ ಎಷ್ಟೆಂದು 1958ರ ಬೇಸಿಗೆಯಲ್ಲಿ ತಿಳಿಯಿತು.

ವೇಲ್ಸ್ ಆ ವಿಶ್ವಕಪ್‌ಗೆ ಹೋದದ್ದೇ ಒಂದು ವಿಚಿತ್ರ. ಅರ್ಹತಾ ಗುಂಪಿನಲ್ಲಿ ಜೆಕೊಸ್ಲೊವಾಕಿಯಾ ಮುಂದೆ ಸೋತು ಎರಡನೇ ಸ್ಥಾನ ಪಡೆದು ಹೊರಬಿದ್ದಿದ್ದ ತಂಡ ಅದು. ಅತ್ತ ಏಷ್ಯಾ-ಆಫ್ರಿಕಾ ಗುಂಪಿನಲ್ಲಿ ಇಸ್ರೇಲ್ ವಿರುದ್ಧ ಆಡಲು ಯಾವ ದೇಶವೂ ಒಪ್ಪದೆ ಒಂದೊಂದಾಗಿ ಹಿಂದೆ ಸರಿದವು. ಒಂದೂ ಪಂದ್ಯ ಆಡದೆ ಇಸ್ರೇಲ್ ವಿಶ್ವಕಪ್‌ಗೆ ಹೋಗುವುದು ಸರಿಯಲ್ಲವೆಂದು ಫಿಫಾ, ಎರಡನೇ ಸ್ಥಾನದ ತಂಡಗಳ ಪೈಕಿ ಚೀಟಿ ಎತ್ತಿ ವೇಲ್ಸ್‌ಗೆ ಅವಕಾಶ ಕೊಟ್ಟಿತು. ಎರಡೂ ಪಂದ್ಯಗಳನ್ನು ವೇಲ್ಸ್ 2-0 ಅಂತರದಲ್ಲಿ ಗೆದ್ದಿತು. ಎರಡನೆಯದು ಕಾರ್ಡಿಫ್‌ನಲ್ಲಿ ನಡೆದದ್ದು 1958ರ ಫೆಬ್ರುವರಿ 5ರಂದು. ವೇಲ್ಸ್ ತಂಡದ ಮ್ಯಾನೇಜರ್ ಜಿಮ್ಮಿ ಮರ್ಫಿ ಮ್ಯಾಂಚೆಸ್ಟರ್ ಯುನೈಟೆಡ್‌ನಲ್ಲಿ ಮ್ಯಾಟ್ ಬಸ್ಬಿಯವರ ಸಹಾಯಕರೂ ಆಗಿದ್ದರು. ಈ ಪಂದ್ಯವಿದ್ದ ಕಾರಣಕ್ಕೆ ಅವರು ಯುನೈಟೆಡ್ ಜೊತೆ ಬೆಲ್‌ಗ್ರೇಡ್‌ಗೆ ಹೋಗಿರಲಿಲ್ಲ. ಮರುದಿನ ಆ ತಂಡವನ್ನು ಹೊತ್ತ ವಿಮಾನ ಮ್ಯೂನಿಕ್‌ನಲ್ಲಿ ಪತನವಾಯಿತು.

ಚಾರ್ಲ್ಸ್ ಸ್ವೀಡನ್ನಿಗೆ ಬಂದು ಮುಟ್ಟಿದ್ದೇ ಕೊನೇ ಗಳಿಗೆಯಲ್ಲಿ. ಇಟಲಿಯ ಫುಟ್‌ಬಾಲ್ ಅಧಿಕಾರಿಗಳು ಅವರನ್ನು ಬಿಟ್ಟುಕೊಡಲು ಮೀನಮೇಷ ಎಣಿಸುತ್ತಿದ್ದರು. ಆಟಗಾರರನ್ನು ದೇಶದ ತಂಡಕ್ಕೆ ಕಡ್ಡಾಯವಾಗಿ ಬಿಟ್ಟುಕೊಡಬೇಕೆಂಬ ನಿಯಮ ಆಗ ಇರಲಿಲ್ಲ. ಹದಿನೈದು ವರ್ಷಗಳ ಅವಧಿಯಲ್ಲಿ ಅವರು ವೇಲ್ಸ್ ಪರ ಆಡಿದ ಪಂದ್ಯಗಳು ಬರೀ 38 ಆಗಲು ದೊಡ್ಡ ಕಾರಣ ಅದೇ. ಜೂನ್ 8ರಂದು ಹಂಗೇರಿ ವಿರುದ್ಧದ ಮೊದಲ ಪಂದ್ಯದಲ್ಲಿ ತಲೆಕೊಟ್ಟು ಗೋಲು ಹೊಡೆದು 1-1ಕ್ಕೆ ತಂದು ನಿಲ್ಲಿಸಿದರು. ಮೆಕ್ಸಿಕೊ, ಸ್ವೀಡನ್‌ಗಳ ವಿರುದ್ಧದ ಪಂದ್ಯಗಳೂ ಸಮವಾದವು. ಹೀಗಾಗಿ ಜೂನ್ 17ರಂದು ಸ್ಟಾಕ್‌ಹೋಮ್‌ನಲ್ಲಿ ಹಂಗೇರಿಯೊಂದಿಗೆ ಮತ್ತೆ ಆಡಿ ಗೆಲ್ಲಲೇಬೇಕಾಯಿತು. ಸೋವಿಯತ್ ಹಿಡಿತದ ವಿರುದ್ಧ 1956ರಲ್ಲಿ ಎದ್ದ ದಂಗೆಯ ಮುಂದಾಳಾಗಿದ್ದ ಹಂಗೇರಿಯ ಮಾಜಿ ಪ್ರಧಾನಿ ಇಮ್ರೆ ನಾಗಿಯವರನ್ನು ಗಲ್ಲಿಗೇರಿಸಿದ್ದು ಅದರ ಹಿಂದಿನ ದಿನ. ವಿಶಾಲವಾದ ರಾಸುಂಡಾ ಕ್ರೀಡಾಂಗಣದಲ್ಲಿ ಮೂರು ಸಾವಿರ ಪ್ರೇಕ್ಷಕರೂ ಇರಲಿಲ್ಲ. ಆ ಬಿಕೋ ಎನ್ನುವ ಮೈದಾನದಲ್ಲಿ ಹಂಗೇರಿಯ ರಕ್ಷಣಾ ಆಟಗಾರರು ಚಾರ್ಲ್ಸ್‌ರನ್ನು ಮೇಲಿಂದ ಮೇಲೆ ಒದ್ದರು, ರೆಫರಿ ನೋಡುತ್ತಾ ನಿಂತರು. ಚಾರ್ಲ್ಸ್ ತಿರುಗಿ ಒದೆಯಲಿಲ್ಲ. ಕುಂಟುತ್ತಲೇ ಆಡಿದರು, ಬದಲಿ ಆಟಗಾರನನ್ನು ಇಳಿಸುವ ಪದ್ಧತಿ ಆಗಿನ್ನೂ ಬಂದಿರಲಿಲ್ಲ. ಆಲ್‌ಚರ್ಚ್ ಮತ್ತು ಮೆಡ್ವಿನ್ ಗೋಲುಗಳಿಂದ ವೇಲ್ಸ್ 2-1ರಲ್ಲಿ ಗೆದ್ದಿತು.

ಎರಡೇ ದಿನಗಳ ಬಳಿಕ, ಜೂನ್ 19ರಂದು, ಗೋಥೆನ್‌ಬರ್ಗ್‌ನಲ್ಲಿ ಬ್ರೆಜಿಲ್ ವಿರುದ್ಧ ಕ್ವಾರ್ಟರ್ ಫೈನಲ್. ಚಾರ್ಲ್ಸ್‌ಗೆ ಆಡಲಾಗಲಿಲ್ಲ. ಅವರ ತಮ್ಮ ಮೆಲ್ ರಕ್ಷಣೆಯ ನಡುವೆ ನಿಂತು, ಗೋಲ್‌ಕೀಪರ್ ಜ್ಯಾಕ್ ಕೆಲ್ಸಿ ಜೊತೆಗೂಡಿ ಒಂದು ಗಂಟೆಗೂ ಹೆಚ್ಚು ಕಾಲ ಬ್ರೆಜಿಲ್‌ಗೆ ಗೋಲು ದಕ್ಕದಂತೆ ನೋಡಿಕೊಂಡರು. ಕೊನೆಗೆ ಹದಿನೇಳು ವರ್ಷದ ಹುಡುಗನೊಬ್ಬ ಗೋಲಿಗೆ ಬೆನ್ನು ಮಾಡಿ ನಿಂತು ಚೆಂಡನ್ನು ಎದೆಯ ಮೇಲಿಳಿಸಿಕೊಂಡು, ಕಾಲಿನ ಒಂದು ಸ್ಪರ್ಶದಲ್ಲಿ ತಡೆಯಲು ಬಂದವನನ್ನು ದಾಟಿಸಿ, ಮೂಲೆಗೆ ತಳ್ಳಿದ. ವಿಶ್ವಕಪ್‌ನಲ್ಲಿ ಪೆಲೆಯ ಮೊದಲ ಗೋಲು ಅದು. ಆ ಬ್ರೆಜಿಲ್ ಸೆಮಿಫೈನಲ್‌ನಲ್ಲಿ ಫ್ರಾನ್ಸ್‌ಗೆ ಐದು, ಫೈನಲ್‌ನಲ್ಲಿ ಸ್ವೀಡನ್‌ಗೆ ಐದು ಗೋಲು ಹೊಡೆಯಿತು. ವೇಲ್ಸ್‌ಗೆ ಹೊಡೆದದ್ದು ಒಂದೇ. ಆದ್ದರಿಂದಲೇ ಚಾರ್ಲ್ಸ್ ಇದ್ದಿದ್ದರೆ ಎಂಬ ಮಾತನ್ನು ವೇಲ್ಸ್‌ನವರು ಈಗಲೂ ಬಿಟ್ಟಿಲ್ಲ. ನನಗೆ ಅದರಲ್ಲಿ ಪೂರ್ತಿ ನಂಬಿಕೆಯಿಲ್ಲ. ಗರಿಂಚಾ, ದಿದಿ ಇದ್ದ ತಂಡದ ಎದುರು ಒಬ್ಬ ಎತ್ತರದ ಮನುಷ್ಯ ಬಂದ ಮಾತ್ರಕ್ಕೆ ಎಲ್ಲವೂ ಬುಡಮೇಲಾಗುತ್ತಿತ್ತು ಎನ್ನುವುದು ಸೋತವರ ಲೆಕ್ಕ. ನನ್ನನ್ನು ಕಾಡುವುದು ಬೇರೆ: ಸ್ಟಾಕ್‌ಹೋಮ್‌ನಲ್ಲಿ ಒಂದೇ ಒಂದು ಸಲ ಅವರು ಮೊಣಕೈ ಬೀಸಿದ್ದರೆ ಹಂಗೇರಿಯವರು ಎರಡು ಹೆಜ್ಜೆ ಹಿಂದೆ ನಿಲ್ಲುತ್ತಿದ್ದರೋ ಏನೋ. ಬೀಸಿದ್ದರೆ ಅವರು ಚಾರ್ಲ್ಸ್ ಆಗಿರುತ್ತಿರಲಿಲ್ಲ ಎಂದು ಸುಲಭವಾಗಿ ಹೇಳಿಬಿಡಬಹುದು. ತಂಡದ ಉಳಿದ ಹತ್ತು ಜನರಿಗೆ ಅದು ಎಷ್ಟು ಸಮಾಧಾನ ಕೊಟ್ಟೀತು ಎಂದೂ ಕೇಳಿಕೊಳ್ಳಬೇಕಾಗುತ್ತದೆ.

ಆ ಒಳ್ಳೆಯತನ ಮೈದಾನದ ಗೆರೆಯ ಬಳಿ ನಿಂತುಹೋಗುವಂಥದ್ದಾಗಿರಲಿಲ್ಲ. ಟ್ಯೂರಿನ್‌ನಲ್ಲಿ ಸಹ ಆಟಗಾರನೊಬ್ಬನ ಜೊತೆ ಸೇರಿ ರೆಸ್ಟೋರೆಂಟ್ ತೆರೆದರು. ಮುಂದೆ ಕಾರ್ಡಿಫ್‌ನಲ್ಲಿ ಕ್ರೀಡಾ ಸಾಮಗ್ರಿಯ ಅಂಗಡಿ, ಯಾರ್ಕ್‌ಷೈರ್‌ನಲ್ಲಿ ಪಬ್ಬು. ಯಾವುದೂ ಕೈಹಿಡಿಯಲಿಲ್ಲ. ಯಾರನ್ನೂ ಇಲ್ಲವೆಂದು ಕಳುಹಿಸಲಾಗದ, ಎದುರಿನವನ ಮಾತನ್ನು ಹಾಗೇ ನಂಬಿಬಿಡುವ ಮನುಷ್ಯ ಗಲ್ಲಾಪೆಟ್ಟಿಗೆಯ ಹಿಂದೆ ಕೂತರೆ ಏನಾಗುತ್ತದೆ ಎಂಬುದು ನಮ್ಮೂರುಗಳ ಹೋಟೆಲು, ಕಿರಾಣಿ ಅಂಗಡಿ ನೋಡಿದವರಿಗೆ ಹೇಳಿಕೊಡಬೇಕಾಗಿಲ್ಲ. ಬಿದ್ದ ಎದುರಾಳಿಯನ್ನು ಎತ್ತಲು ಗೋಲನ್ನೇ ಬಿಟ್ಟುಕೊಟ್ಟದ್ದಕ್ಕೆ ಚಪ್ಪಾಳೆ ತಟ್ಟುವ ನಾವು, ಅದೇ ಗುಣ ಸಾಲದ ಪುಸ್ತಕದಲ್ಲಿ ಕಂಡಾಗ ಅವನಿಗೆ ವ್ಯವಹಾರ ಗೊತ್ತಿಲ್ಲ ಎನ್ನುತ್ತೇವೆ.

ಆಟದ ಕೊನೆಯ ವರ್ಷಗಳನ್ನು ಬೇಗ ಹೇಳಿ ಮುಗಿಸಬಹುದು. 1962ರಲ್ಲಿ ಲೀಡ್ಸ್ 53,000 ಪೌಂಡ್ ಕೊಟ್ಟು ಅವರನ್ನು ಮರಳಿ ಕರೆಸಿಕೊಂಡಿತು, ಆ ಖುಷಿಗೆ ಟಿಕೆಟ್ ದರ ಏರಿಸಿತು, ಜನ ಸಿಟ್ಟಾದರು. ಇಟಲಿಯ ನಿಧಾನದ ಆಟಕ್ಕೆ ಒಗ್ಗಿದ್ದ ಕಾಲುಗಳು ಇಂಗ್ಲೆಂಡಿನ ಕೆಸರಿನಲ್ಲಿ ಓಡಲಿಲ್ಲ. ಹನ್ನೊಂದು ಪಂದ್ಯ, ಮೂರು ಗೋಲು. ಮೂರು ತಿಂಗಳಲ್ಲಿ 70,000 ಪೌಂಡಿಗೆ ರೋಮಾಗೆ ಮಾರಿದರು. ಈ ಸಲವೂ ಲಾಭ ಲೀಡ್ಸ್‌ನದೇ. ರೋಮಾದಲ್ಲಿ ಹತ್ತು ಪಂದ್ಯ, ಆಮೇಲೆ ತಾಯ್ನೆಲದ ಕಾರ್ಡಿಫ್ ಸಿಟಿ, 1966ರಿಂದ ಲೀಗ್‌ನ ಹೊರಗಿದ್ದ ಹೆರೆಫರ್ಡ್ ಯುನೈಟೆಡ್. ಈ ಹೆರೆಫರ್ಡ್ ದಿನಗಳ ಬಗ್ಗೆ ನನಗೆ ವಿಶೇಷ ಪ್ರೀತಿ. ಟ್ಯೂರಿನ್‌ನಲ್ಲಿ ರಾಜನಂತೆ ಇದ್ದವರು ಹಳ್ಳಿಗಾಡಿನ ಸಣ್ಣ ಪಟ್ಟಣದ ಕ್ಲಬ್‌ಗೆ ಐದು ವರ್ಷ ಆಡಿ, ತಂಡವನ್ನೂ ನೋಡಿಕೊಂಡು, ಅಲ್ಲಿಯೂ ಎಂಬತ್ತರಷ್ಟು ಗೋಲು ಹೊಡೆದರು. ಅವರು ಬಿಟ್ಟು ಕೆಲವೇ ತಿಂಗಳಾಗಿದ್ದಾಗ, 1972ರ ಫೆಬ್ರುವರಿಯಲ್ಲಿ, ಅದೇ ಹೆರೆಫರ್ಡ್, ಸಣ್ಣ ದೊಡ್ಡ ಕ್ಲಬ್‌ಗಳೆಲ್ಲ ಸೇರಿ ಆಡುವ ಎಫ್‌ಎ ಕಪ್ ಪಂದ್ಯಾವಳಿಯಲ್ಲಿ, ಮೊದಲ ಡಿವಿಷನ್ನಿನ ನ್ಯೂಕ್ಯಾಸಲ್‌ನ್ನು ಸೋಲಿಸಿತು. ಇಂಗ್ಲೆಂಡಿನಲ್ಲಿ ಪ್ರತಿ ಜನವರಿಯಲ್ಲೂ ಟಿವಿಯಲ್ಲಿ ಮತ್ತೆ ಮತ್ತೆ ತೋರಿಸುವ ಗೋಲು ಆ ಪಂದ್ಯದ್ದು.

2001ರಲ್ಲಿ ಬ್ರಿಟನ್ ಸರ್ಕಾರ ಅವರಿಗೆ ಸಿಬಿಇ ಗೌರವ ಕೊಟ್ಟಿತು. ಸರ್ ಪದವಿ ಕೊಡಬೇಕಿತ್ತು ಎಂದು ವಾದಿಸುವವರು ಬಹಳ ಜನ ಇದ್ದಾರೆ. ಅಷ್ಟು ಹೊತ್ತಿಗೆ ಅವರ ನೆನಪಿನ ಶಕ್ತಿ ಕುಂದತೊಡಗಿತ್ತು. ನೀರು ಕುಡಿದು ಭಾರವಾಗುತ್ತಿದ್ದ ಚರ್ಮದ ಚೆಂಡಿಗೆ ಇಪ್ಪತ್ತಕ್ಕೂ ಹೆಚ್ಚು ವರ್ಷ ತಲೆಕೊಟ್ಟ ಪೀಳಿಗೆಯ ಹಲವರಿಗೆ ಬಂದ ಕಾಯಿಲೆ ಅದು.

2004ರ ಜನವರಿಯಲ್ಲಿ ಟಿವಿ ಕಾರ್ಯಕ್ರಮವೊಂದಕ್ಕಾಗಿ ಇಟಲಿಗೆ ಹೋಗಿದ್ದಾಗ ಚಾರ್ಲ್ಸ್ ಅಲ್ಲಿಯೇ ಕುಸಿದು ಆಸ್ಪತ್ರೆ ಸೇರಿದರು. ರಕ್ತನಾಳದ ತೊಂದರೆ, ಶಸ್ತ್ರಚಿಕಿತ್ಸೆ ಮಾಡಬೇಕಾಯಿತು, ಪಾದದ ಒಂದು ಭಾಗವನ್ನು ತೆಗೆಯಬೇಕಾಯಿತು. ಅವರು ಮನೆಗೆ ಮರಳಲು ವಿಮಾನದ ವ್ಯವಸ್ಥೆ ಮಾಡಿದ್ದು ಯುವೆಂಟಸ್. ನಲವತ್ತಾರು ವರ್ಷಗಳ ಹಿಂದೆ ಅವರನ್ನು ವೇಲ್ಸ್ ತಂಡಕ್ಕೆ ಬಿಟ್ಟುಕೊಡಲು ಕೊನೇ ಗಳಿಗೆಯವರೆಗೂ ಅನುಮಾನಿಸಿದ್ದ ದೇಶದಿಂದ ಈ ಸಲ ಯಾರೂ ಕೇಳುವ ಮುನ್ನವೇ ಅವರನ್ನು ಕಳುಹಿಸಿಕೊಟ್ಟರು. ಫೆಬ್ರುವರಿ 21ರಂದು, ಎಲ್ಲಂಡ್ ರೋಡ್‌ನಿಂದ ಸ್ವಲ್ಪವೇ ದೂರದ ವೇಕ್‌ಫೀಲ್ಡ್‌ನ ಆಸ್ಪತ್ರೆಯಲ್ಲಿ ಅವರು ತೀರಿಕೊಂಡರು. ಆಗ ಅವರಿಗೆ 72 ವರ್ಷ.